ಕೆಳಗಿನವನು ಬಾಯಿ ಬಿಡಬಾರದು

ಮಾರ್ಚ್ 3, ಮಂಗಳವಾರ

ಹೌದು, ಹತ್ತಿದೆ. ಅಪ್ಪನ ಬೆನ್ನ ಮೇಲೆ ಎರಡೂ ಕಾಲಿಟ್ಟು ಹತ್ತಿ ನಿಂತೆ. ಏನೀಗ? ನೆಲದ ಮೇಲೆ ಬೋರಲು ಮಲಗಿ, "ಹತ್ತೋ, ಭುಜದ ನಡುವೆ, ಜೋರಾಗಿ ಒತ್ತು" ಅಂದದ್ದು ಯಾರು, ನಾನಾ? ಸಾಮಾನು ಹೊರುವ ನಮ್ಮ ಜನರಲ್ಲಿ ಯಾರಿಗೆ ಬೆನ್ನು ಹಿಡಿದರೂ ಮಾಡುವುದು ಇದನ್ನೇ. ನನ್ನ ಬೆನ್ನ ಮೇಲೆ ಅಪ್ಪ ಎಷ್ಟು ಸಲ ನಿಂತಿಲ್ಲ? ಆಗ ಅಕ್ಕ ಪಕ್ಕದಲ್ಲೇ ಕೂತು ನಗುತ್ತಿದ್ದಳು. ಈಗ ಆಸ್ಪತ್ರೆಯ ವರಾಂಡದಲ್ಲಿ, ಗೊತ್ತಿಲ್ಲದ ಜನರ ಮುಂದೆ, ನನ್ನ ಮುಖಕ್ಕೆ ಆ ಮಾತು ಹೇಳುತ್ತಾಳೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ.

ಇಲ್ಲಿ ಕೂಗುವ ಹಾಗಿಲ್ಲ. ಒಮ್ಮೆ ಕೂಗಿದ್ದಕ್ಕೆ ಸೆಕ್ಯೂರಿಟಿಯವನು ಬಂದು ರಟ್ಟೆ ಹಿಡಿದ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಅರ್ಧಕ್ಕೆ ಬಿಟ್ಟವನು ನಾನು, ಅಕ್ಷರ ಬಿಟ್ಟವನಲ್ಲ. ಬೆಳಿಗ್ಗೆಯಿಂದ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಆಮೇಲೆ ನೋಡೋಣ ತಪ್ಪು ಯಾರದ್ದು ಅಂತ.

ಮೂರನೇ ಮಹಡಿಗೆ ಒಂದು ಬೀರು ಏರಿಸುವುದಿತ್ತು. ಹಳೇ ಮರದ್ದು, ಆನೆ ಹಾಗಿತ್ತು, ಲಿಫ್ಟಿಗೆ ಹಿಡಿಸಲಿಲ್ಲ. ನಾನು ಮೇಲೆ, ಅಪ್ಪ ಕೆಳಗೆ. ಯಾವಾಗಲೂ ಹಾಗೇ. ಮೆಟ್ಟಿಲಲ್ಲಿ ಭಾರವೆಲ್ಲ ಬೀಳುವುದು ಕೆಳಗಿನವನ ಮೇಲೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ: ಮೇಲಿನವನು ಹೇಳುತ್ತಾ ಹೋಗಬೇಕು, ಕೆಳಗಿನವನು ಬಾಯಿ ಬಿಡಬಾರದು. ಬಾಯಿ ಬಿಟ್ಟರೆ ಉಸಿರು ಹೋಗುತ್ತದೆ, ಉಸಿರು ಹೋದರೆ ಹಿಡಿತ ಹೋಗುತ್ತದೆ, ಹಿಡಿತ ಹೋದರೆ ಇಬ್ಬರೂ ಹೋಗುತ್ತೇವೆ. ನಾನು ಹೇಳುತ್ತಾ ಹೋದೆ. ಎಡಕ್ಕೆ. ಮೆಟ್ಟಿಲು. ತಿರುವು. ಎರಡನೇ ಮಹಡಿಯ ತಿರುವಿನಲ್ಲಿ ಬೀರು ಒಮ್ಮೆ ಗಡಗಡ ಅದುರಿತು. "ಏನಪ್ಪಾ?" ಅಂದೆ. ಉತ್ತರ ಇಲ್ಲ. ಕೆಳಗಿನವನಲ್ಲವಾ, ಎಲ್ಲಿಂದ ಬರಬೇಕು ಉತ್ತರ? ಪೂರ್ತಿ ಹತ್ತಿಸಿ, ಗೋಡೆಗೆ ಒರಗಿಸಿ ನೋಡಿದರೆ ಅಪ್ಪನ ಮುಖ ಸುಣ್ಣ. ಮೈಯೆಲ್ಲ ಬೆವರು. ಎದೆಯ ನಟ್ಟನಡುವೆ ಅಂಗೈ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದ.

"ಹರಿದ ಹಾಗಾಯ್ತು ಕಣೋ," ಅಂದ.

"ಏನು, ಅಂಗಿನಾ?" ಅಂದೆ.

ಅಂಗಿ ನೋಡಿದೆ. ಎಲ್ಲೂ ಹರಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಎದೆ ಸುಮ್ಮನಾಯಿತು, ನೋವು ಬೆನ್ನಿಗೆ ಸರಿಯಿತು. "ಬೆನ್ನು ಹಿಡ್ಕೊಂಡಿದೆ, ಅಷ್ಟೇ" ಅಂದ. ಮನೆಗೆ ಬಂದೆವು. ಹತ್ತು ಅಂದ. ಹತ್ತಿದೆ. ಕಾಲ ಕೆಳಗಿನಿಂದ ಒಂದು ಸದ್ದು ಬಂತು. ಅಂಥ ಸದ್ದು ಅಪ್ಪನ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ. ತಟ್ಟನೆ ಇಳಿದುಬಿಟ್ಟೆ.

ಮೂಲೆಯ ಕ್ಲಿನಿಕ್ಕಿನವನು ಸೊಂಟಕ್ಕೊಂದು ಇಂಜೆಕ್ಷನ್ ಚುಚ್ಚಿ, ಭಾರ ಎತ್ತಬೇಡಿ ಅಂದ. ಹೊರಬರುತ್ತಲೇ ಅಪ್ಪ ವಾಂತಿ ಮಾಡಿಕೊಂಡ. ಸಾಮಾನಿನ ಗಾಡಿಯಲ್ಲೇ, ಬೀರುಗಳಿಗೆ ಹೊದಿಸುವ ಕಂಬಳಿಗಳ ಮೇಲೆ ಮಲಗಿಸಿ ಈ ದೊಡ್ಡ ಆಸ್ಪತ್ರೆಗೆ ತಂದೆ. ಇಲ್ಲಿ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಸರಿಯಿದೆ ಅಂದರು. ರಕ್ತ ತೆಗೆದರು. ಅದೂ ಸರಿಯಿದೆ. ಕನ್ನಡಕದ ಒಬ್ಬ ಡಾಕ್ಟರ್, ನನ್ನ ಅಕ್ಕನಿಗಿಂತ ಸ್ವಲ್ಪ ದೊಡ್ಡವಳಿರಬೇಕು, ನಿದ್ದೆಗೆಟ್ಟ ಮುಖ, "ಎಲ್ಲಿ ನೋವು?" ಅಂತ ಕೇಳಿದಳು. ಅಪ್ಪ "ಬೆನ್ನು" ಅಂದ. ಕೇಳಿದ್ದಕ್ಕೆ ಒಂದೇ ಮಾತು, ಅದಕ್ಕಿಂತ ಹೆಚ್ಚು ಆಡಿದರೆ ಎಲ್ಲಿ ಸವೆದುಹೋಗುತ್ತಾನೋ! "ಸ್ನಾಯು ಹಿಡಿದಿರಬೇಕು. ಮನೆಗೆ ಹೋಗಿ, ಮಾತ್ರೆ ಕೊಡ್ತೀನಿ" ಅಂದಳು.

ಅಂಗಿ ಹಾಕಿಕೊಳ್ಳುವಾಗ ಅಪ್ಪನ ಎಡಗೈಗೆ ಗುಂಡಿ ಸಿಗಲಿಲ್ಲ. ನಾನೇ ಹಾಕಿದೆ. ಕೈ ತಣ್ಣಗಿತ್ತು. ಕಳಿಸುವ ಮುಂಚೆ ನರ್ಸಮ್ಮ ಇನ್ನೊಮ್ಮೆ ಬಿಪಿ ನೋಡಲು ಬಂದಳು. ಬಲಗೈಯಲ್ಲಿ ಸೂಜಿ ಇತ್ತು ಅಂತ ಪಟ್ಟಿ ಎಡಗೈಗೆ ಸುತ್ತಿದಳು. ನೋಡಿದಳು. ಮಷಿನ್ನಿನ ತಲೆಗೆ ಒಂದು ತಟ್ಟಿದಳು. ಮತ್ತೆ ಸುತ್ತಿದಳು. "ಆಗಿನದಕ್ಕೂ ಇದಕ್ಕೂ ತಾಳೆನೇ ಇಲ್ಲ, ಇದು ಕೆಟ್ಟೋಗಿದೆ, ಬೇರೆ ತರ್ತೀನಿ" ಅಂದಳು. ಕನ್ನಡಕದ ಡಾಕ್ಟರ್ ಅಲ್ಲೇ ಇದ್ದವಳು ಬರೆಯುವುದನ್ನು ನಿಲ್ಲಿಸಿ ಎದ್ದು ಬಂದಳು. ಕಿವಿಗೆ ಕೊಳವೆ ಹಾಕಿಕೊಂಡು ತಾನೇ ನೋಡಿದಳು. ಬಲಗೈ ನೂರ ಎಪ್ಪತ್ತು. ಎಡಗೈ ನೂರ ಹತ್ತು.

ಒಂದೇ ಮನುಷ್ಯ. ಎರಡು ಕೈ. ಎರಡು ಬಿಪಿ.

"ಮೊದಲು ನೋವು ಶುರುವಾಗಿದ್ದು ಎಲ್ಲಿ?" ಅಂತ ಕೇಳಿದಳು. ಧ್ವನಿಯೇ ಬೇರೆ.

"ಬೆನ್ನು," ಅಂದ ಅಪ್ಪ.

"ಸುಳ್ಳು! ಎದೆ ಹಿಡ್ಕೊಂಡು ಕೂತಿಲ್ವಾ ನೀನು?" ಅಂತ ನಾನು ಕೂಗಿದೆ.

ಆಗ ಅವಳು ನನ್ನ ಕಡೆ ತಿರುಗಿದಳು. "ನಿಧಾನಕ್ಕೆ ಬಂತಾ, ಒಮ್ಮೆಗೇ ಬಂತಾ?"

"ಒಮ್ಮೆಗೇ. ಸ್ವಿಚ್ ಒತ್ತಿದ ಹಾಗೆ. ಹರಿದ ಹಾಗಾಯ್ತು ಅಂದ."

"ಹರಿದ ಹಾಗೆ ಅಂದ್ರಾ? ಅವರೇ ಅಂದ್ರಾ?"

"ನಾನ್ಯಾಕೆ ಸುಳ್ಳು ಹೇಳ್ಲಿ?"

ಅಷ್ಟೇ. ನಾಲ್ಕು ಜನ ಬಂದರು. ಎದ್ದು ನಿಂತಿದ್ದವನನ್ನು ಮಲಗಿಸಿದರು. ನಾನು ಹಾಕಿದ್ದ ಗುಂಡಿಗಳನ್ನು ಕತ್ತರಿಯಿಂದ ಹಾರಿಸಿದರು. ಸ್ಕ್ಯಾನಿಗೆ ತಳ್ಳಿಕೊಂಡು ಓಡಿದರು. ಆಗ ಅಕ್ಕ ಬಂದಳು. ಏನು ಮಾಡಿದೆ ಅಂತ ಕೇಳಿದಳು. ಹೇಳಿದೆ. ಆ ಮಾತು ಅಂದಳು.

ಅದೇ ದಿನ, ಸಂಜೆ

ಮಹಾಪಧಮನಿ. ಈ ಪದ ಬರೆಯಲು ಎರಡು ಸಲ ಹೊಡೆದುಹಾಕಿದೆ. ಹೃದಯದಿಂದ ಹೊರಡುವ ದೊಡ್ಡ ನಾಳವಂತೆ. ಮೇಲಕ್ಕೆ ಹೋಗಿ, ಕೊಡೆಯ ಹಿಡಿಯ ಹಾಗೆ ಬಾಗಿ, ಬೆನ್ನ ಒಳಗಿನಿಂದ ಹೊಟ್ಟೆಗೆ ಇಳಿಯುತ್ತದಂತೆ. ಮೈಗೆಲ್ಲ ರಕ್ತ ಹೋಗುವುದು ಅದರಿಂದಲೇ. ಅದು ಹರಿದಿದೆ.

ನಾನು ನಂಬಲಿಲ್ಲ. "ಹರಿದಿದ್ರೆ ಇಷ್ಟು ಹೊತ್ತಿಗೆ ಸತ್ತಿರ್ಬೇಕಿತ್ತಲ್ಲ?" ಅಂದೆ. ಅಕ್ಕ ಬಾಯಿ ಮುಚ್ಚಿಕೊಂಡಳು. ಡಾಕ್ಟರ್ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಜಾಕೆಟ್ ಕಡೆ ಕೈ ತೋರಿಸಿದಳು. "ನಿಮ್ಮ ತೋಳಿನ ಒಳಬಟ್ಟೆ ಹರಿದು ಹೊರಗೆ ಇಣುಕ್ತಿದೆ ನೋಡಿ. ಹಾಕ್ಕೊಳ್ಳುವಾಗ ಏನಾಗುತ್ತೆ?"

"ಕೈ ಒಳಬಟ್ಟೆಗೂ ಹೊರಬಟ್ಟೆಗೂ ನಡುವೆ ಸಿಕ್ಕಿಹಾಕ್ಕೊಳ್ಳುತ್ತೆ."

"ಮುಂದೆ ತಳ್ಳಿದ್ರೆ?"

"ಇನ್ನೂ ಹರಿಯುತ್ತೆ."

"ಅದೇ. ನಾಳಕ್ಕೂ ಒಳಪದರ ಇದೆ. ಅದು ಹರಿದು ರಕ್ತ ತಪ್ಪು ದಾರಿ ಹಿಡಿದಿದೆ. ಪ್ರತಿ ಬಡಿತಕ್ಕೂ ಮುಂದೆ ತಳ್ಳುತ್ತೆ. ಎಡಗೈಗೆ ಹೋಗೋ ಬಾಯನ್ನ ಒತ್ತಿ ಹಿಡಿದಿದೆ, ಅದಕ್ಕೇ ಆ ಕೈ ತಣ್ಣಗಿತ್ತು. ಹೊರಪದರ ಇನ್ನೂ ಗಟ್ಟಿಯಾಗಿದೆ. ಅದರಿಂದಲೇ ಬದುಕಿದ್ದಾರೆ."

ನಾನು ಜಾಕೆಟ್ ಬಿಚ್ಚಿಬಿಟ್ಟೆ. ಮೈಮೇಲೆ ಇಟ್ಟುಕೊಳ್ಳಲು ಆಗಲಿಲ್ಲ.

ಸದ್ಯ ಕತ್ತರಿ ಹಾಕುವುದಿಲ್ಲವಂತೆ. ಹರಿದಿರುವುದು ಬಾಗಿದ ಮೇಲಿನ ಭಾಗದಲ್ಲಿ, ಬೆನ್ನಿಗೆ ಇಳಿಯುವ ಕಡೆ. ಹೃದಯದ ಹತ್ತಿರ ಹರಿದಿದ್ದರೆ ಈಗಲೇ ಎದೆ ತೆರೆಯಬೇಕಿತ್ತಂತೆ. ಇದಕ್ಕೆ ಔಷಧಿ ಹರಿಸಿ ಬಿಪಿಯನ್ನು ನೂರ ಇಪ್ಪತ್ತರ ಕೆಳಗೆ ಹಿಡಿಯಬೇಕು. ಬಡಿತ ಮೆಲ್ಲಗಾಗಬೇಕು. ಏರಿದರೆ ಮುಂದಕ್ಕೆ ಹರಿಯುತ್ತದೆ. ಪೂರ್ತಿ ಹರಿದರೆ ಏನಾಗುತ್ತದೆ ಅಂತ ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

"ನೀವು ಮನೆಗೆ ಕಳಿಸ್ತಿದ್ರಲ್ಲ!" ಅಂತ ಮೈಮೇಲೆ ಹೋದೆ.

ಅವಳು ಕನ್ನಡಕ ತೆಗೆದಳು. "ಹೌದು. ಕಳಿಸಿಬಿಡ್ತಿದ್ದೆ."

ಬೇರೇನಾದರೂ ಹೇಳಿದ್ದರೆ ಬೈಯಬಹುದಿತ್ತು. ನನ್ನ ಬಾಯಲ್ಲಿ ಎಷ್ಟೆಲ್ಲ ತಯಾರಿತ್ತು. ಅದರ ಬದಲು, ಯಾಕೋ, "ನಾನು ಬೆನ್ನ ಮೇಲೆ ಹತ್ತಿ ನಿಂತಿದ್ದೆ" ಅಂದೆ.

ಅವಳು ಮೊದಲು ಕನ್ನಡಕ ಒರೆಸಿ ಹಾಕಿಕೊಂಡಳು. ಆ ಹೊತ್ತು ನನಗೆ ಇಷ್ಟವಾಗಲಿಲ್ಲ. "ಹರಿದದ್ದು ಅದಕ್ಕಿಂತ ಮುಂಚೆ. ಮೆಟ್ಟಿಲ ಮೇಲೆ," ಅಂದಳು. "ಆದ್ರೆ ಇನ್ಮೇಲೆ ಯಾರ ಬೆನ್ನ ಮೇಲೂ ನಿಲ್ಲಬೇಡಿ."

ಅಕ್ಕ ಅಲ್ಲೇ ಇದ್ದಳು. ಕೇಳಿಸಿಕೊಂಡಳು. ಆ ಮಾತು ವಾಪಸ್ ತೆಗೆದುಕೊಂಡಳಾ? ಇಲ್ಲ.

ಮಾರ್ಚ್ 4, ಬುಧವಾರ

ಇದ್ದಾನೆ.

ಮಾರ್ಚ್ 5, ಗುರುವಾರ

ಗಾಜಿನ ಕೋಣೆ. ಮಂಚದ ತಲೆಕಡೆ ಒಂದು ಟಿವಿ, ಅದರಲ್ಲಿ ಹಸಿರು ಗೆರೆ, ಅಂಕಿ. ಒಬ್ಬೊಬ್ಬರಾಗಿ ಒಳಗೆ ಹೋಗಬೇಕು. ಅಕ್ಕ ಹೋದಾಗ ನಾನು ಗಾಜಿನಿಂದ ನೋಡುತ್ತಿದ್ದೆ. ನೂರ ಹದಿನೆಂಟು. ಅವಳು ಅಪ್ಪನ ಕಾಲು ಒತ್ತಿದಳು. ನೂರ ಹದಿನಾರು. ಏನೋ ಹೇಳಿ ನಗಿಸಿದಳು. ಅಂಕಿ ಅಲ್ಲೇ ನಿಂತಿತು.

ನಾನು ಹೋದೆ. ಕೈ ತೊಳೆದುಕೊಂಡು, ತಲೆ ಬಾಚಿಕೊಂಡು ಹೋಗಿದ್ದೆ. ಅಪ್ಪ ಕಣ್ಣು ಬಿಟ್ಟ. "ಬಂತು ನಮ್ಮ ಕುಕ್ಕರ್," ಅಂದ. ಚಿಕ್ಕಂದಿನಿಂದ ನನಗೆ ಅದೇ ಹೆಸರು. ಯಾವಾಗ ಸೀಟಿ ಹೊಡೆಯುತ್ತೇನೋ ಗೊತ್ತಾಗುವುದಿಲ್ಲವಂತೆ. ನಾನು ಮಾತೇ ಆಡಲಿಲ್ಲ, ದೇವರಾಣೆ. ಟಿವಿ ನೋಡಿದೆ. ನೂರ ಇಪ್ಪತ್ತಾರು. ನೂರ ಮೂವತ್ತೆರಡು. ಅಪ್ಪ ನನ್ನನ್ನೇ ನೋಡುತ್ತಿದ್ದ, ಎದೆಯನ್ನು, ಭುಜವನ್ನು, ಗಾಡಿ ಕೊಳ್ಳುವವನು ನೋಡುವ ಹಾಗೆ. ನೂರ ನಲವತ್ತು. ಮಷಿನ್ ಕಿಣಿಕಿಣಿ ಅಂತು. ನರ್ಸಮ್ಮ ಬಂದು ಬಾಟಲಿಯ ಹನಿ ಹೆಚ್ಚಿಸಿ, "ನೀವು ಹೊರಗಿರಿ" ಅಂದಳು.

"ನೀನು ಹೋದ್ರೆ ಏರುತ್ತೆ ಕಣೋ," ಅಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಎರಡು ದಿನ ಬರಬೇಡ. ನಾನಿದ್ದೀನಲ್ಲ."

ಮೂರು ಜನರ ಮನೆ ನಮ್ಮದು, ಅಮ್ಮ ಹೋದಮೇಲೆ. ಅದರಲ್ಲಿ ಒಬ್ಬ ಒಳಗೆ ಬಂದರೆ ಇನ್ನೊಬ್ಬನ ನಾಳ ಹರಿಯುತ್ತದೆ. ಚೆನ್ನಾಗಿದೆ.

ಮಾರ್ಚ್ 6, ಶುಕ್ರವಾರ

ಹೋಗಲಿಲ್ಲ. ಆಸ್ಪತ್ರೆಯ ಎದುರು ಗಾಡಿ ನಿಲ್ಲಿಸಿಕೊಂಡು ಕೂತಿದ್ದೆ. ನಾಲ್ಕನೇ ಮಹಡಿ. ಯಾವ ಕಿಟಕಿ ಅಂತ ಗೊತ್ತಿಲ್ಲ. ಎಲ್ಲವನ್ನೂ ನೋಡಿದೆ.

ಮಾರ್ಚ್ 7, ಶನಿವಾರ

ಕನ್ನಡಕದ ಡಾಕ್ಟರ್ ನನ್ನನ್ನೂ ಅಕ್ಕನನ್ನೂ ಕೂರಿಸಿ ಕೇಳಿದಳು. ಮನೆಯಲ್ಲಿ ಬೇರೆ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ಹೋಗಿದ್ದಾರಾ ಅಂತ. ನಾನು ಇಲ್ಲ ಅಂದೆ. ಅಕ್ಕ "ಚಿಕ್ಕಪ್ಪ" ಅಂದಳು.

ಅಪ್ಪನ ತಮ್ಮ. ಅಪ್ಪನ ಜೊತೆಯಲ್ಲೇ ಹೊರುತ್ತಿದ್ದ. ಒಂದು ದಿನ ಕೆಲಸದ ನಡುವೆ ಬಿದ್ದ, ಎದ್ದೇಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಯಾರೂ ಕೊಯ್ದು ನೋಡಲಿಲ್ಲ. ನನಗೆ ಅವನ ಮುಖವೇ ಸರಿಯಾಗಿ ನೆನಪಿಲ್ಲ, ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದದ್ದು ನೆನಪಿದೆ.

"ಅದೂ ಇದೇ ಆಗಿರಬಹುದು. ಆಗಿಲ್ಲದೇನೂ ಇರಬಹುದು," ಅಂದಳು ಡಾಕ್ಟರ್. "ಕೆಲವು ಮನೆಗಳಲ್ಲಿ ಈ ನಾಳ ಹುಟ್ಟಿನಿಂದಲೇ ಮೆದು. ಸದ್ದಿಲ್ಲದೆ ಹಿಗ್ಗುತ್ತಾ ಹೋಗುತ್ತೆ. ಮಕ್ಕಳು ಇಬ್ಬರೂ ಒಮ್ಮೆ ಎಕೋ ಮಾಡಿಸಿಬಿಡಿ. ನೋವಿಲ್ಲ. ಎದೆ ಮೇಲೆ ಜೆಲ್ಲಿ ಹಚ್ಚಿ ನೋಡ್ತಾರೆ. ಅಲ್ಲೀತನಕ ಭಾರ ಎತ್ತಬೇಡಿ."

ಅಕ್ಕ ಆಗಲೇ ಎದ್ದು ಹೋಗಿ ಮಾಡಿಸಿಕೊಂಡು ಬಂದಳು. ಅವಳದ್ದು ಸರಿಯಿದೆಯಂತೆ.

ನಾನು ಮಾಡಿಸುವುದಿಲ್ಲ. ನನಗೇನಾಗಿದೆ? ಫ್ರಿಡ್ಜನ್ನು ಒಬ್ಬನೇ ಎತ್ತುತ್ತೇನೆ. ನನ್ನ ವಯಸ್ಸಿನವರು ಯಾರಾದರೂ ಎತ್ತಲಿ ನೋಡೋಣ. ಭಾರ ಎತ್ತಬೇಡಿ ಅಂತೆ. ಮತ್ತೇನು ಎತ್ತಲಿ, ಪೆನ್ನಾ? ನನಗೆ ಬರುವುದು ಅದೊಂದೇ ಕೆಲಸ. ಅದನ್ನೂ ಒಂದು ಜೆಲ್ಲಿ ಡಬ್ಬಿ ಕಿತ್ತುಕೊಳ್ಳುತ್ತದಾ?

ಎದ್ದು ಬಂದೆ.

ಮಾರ್ಚ್ 9, ಸೋಮವಾರ

ಕೆಲಸಕ್ಕೆ ಹೋದೆ. ಜೊತೆಗೆ ಗೋಡೆ. ಗೋಡೆ ಅಂದರೆ ಮನುಷ್ಯನೇ. ಬಾಗಿಲಲ್ಲಿ ನಿಂತರೆ ಬೆಳಕು ಬರುವುದಿಲ್ಲ, ಅದಕ್ಕೇ ಆ ಹೆಸರು. "ಇವತ್ತು ಕೆಳಗೆ ನಾನು" ಅಂದೆ. "ನಿಮ್ಮಪ್ಪನ ಜಾಗಕ್ಕೆ ಈಗಲೇ ಕಣ್ಣು ಹಾಕಿದೆಯಾ ಮರೀ?" ಅಂತ ನಕ್ಕ. ಒಂದು ಬಟ್ಟೆ ಒಗೆಯುವ ಮಷಿನ್ನು. ಬೀರುವಿಗೆ ಹೋಲಿಸಿದರೆ ಏನೂ ಅಲ್ಲ.

ಮೊದಲ ಮಹಡಿ ಆಯಿತು. ತಿರುವಿನಲ್ಲಿ ಭಾರವೆಲ್ಲ ನನ್ನ ಕಡೆ ವಾಲಿತು. ಆಗ ಎದೆ ಬಡಿಯುವುದು ಕೇಳಿಸಿತು. ಯಾವಾಗಲೂ ಬಡಿಯುತ್ತದೆ, ಗೊತ್ತು. ಆದರೆ ಕೇಳಿಸಿರಲಿಲ್ಲ. ಪ್ರತಿ ಬಡಿತಕ್ಕೂ ಒಂದು ಕೈ ಒಳಬಟ್ಟೆಯೊಳಗೆ ಹೋಗುತ್ತಿರುವ ಹಾಗೆ.

"ಇಳಿಸು," ಅಂದೆ.

"ಏನು?" ಅಂದ ಗೋಡೆ, ಮೇಲಿನಿಂದ.

"ಇಳಿಸೋ!"

ಇಳಿಸಿದ. ಇಳಿದು ಬಂದು ನನ್ನ ಮುಖ ನೋಡಿದ. "ಕೆಳಗಿದ್ದೋನು ಮಾತಾಡಿದ್ದು ನನ್ನ ಸರ್ವೀಸಲ್ಲೇ ಇದೇ ಮೊದಲು," ಅಂದ. "ಕೈ ಬೆವೆತಿತ್ತು, ಜಾರ್ತಿತ್ತು, ಅದಕ್ಕೆ" ಅಂದೆ. ನಿಜವಾಗಿಯೂ ಬೆವೆತಿತ್ತು. ಆಮೇಲೆ ಅವನೇ ಕೆಳಗೆ ಹೋದ. ನಾನು ಮೇಲಿನಿಂದ ಪ್ರತಿ ಮೆಟ್ಟಿಲಿಗೂ "ಸರಿನಾ? ಸರಿನಾ?" ಅಂತ ಕೇಳುತ್ತಿದ್ದೆನಂತೆ. "ನನ್ನ ಹೆಂಡ್ತೀನೂ ಇಷ್ಟು ವಿಚಾರಿಸಲ್ಲ" ಅಂತ ಕೊನೆಗೆ ಬೈದ.

ಮಾರ್ಚ್ 10, ಮಂಗಳವಾರ

ಅಪ್ಪನೇ ಕರೆಸಿದ. ಬಿಪಿ ಬೆಳಿಗ್ಗೆಯಿಂದ ಇಳಿಯುತ್ತಿಲ್ಲ, ಔಷಧಿ ಹೆಚ್ಚಿಸಿದರೂ ನಿಲ್ಲುತ್ತಿಲ್ಲ ಅಂತ ಅಕ್ಕ ಫೋನು ಮಾಡಿದಳು. "ಹಾಗಿದ್ರೆ ನಾನ್ಯಾಕೆ ಬರ್ಲಿ, ಇನ್ನೂ ಏರ್ಸೋಕಾ?" ಅಂದೆ. "ಬಾ ಅಂದ್ರೆ ಬಾ" ಅಂದಳು.

ಮಂಚದಿಂದ ದೂರದಲ್ಲೇ ನಿಂತೆ. ಟಿವಿ ಕಡೆ ನೋಡಲಿಲ್ಲ. ಪಿಸುಮಾತಲ್ಲಿ "ಏನಪ್ಪಾ" ಅಂದೆ. ಪಿಸುಮಾತು ನನಗೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

"ಮಾಡಿಸಿದೆಯಾ?"

"ಏನು?"

"ಎಕೋ."

"ನಿನಗ್ಯಾರು ಹೇಳಿದ್ದು?"

"ಡಾಕ್ಟ್ರಮ್ಮನ ಹತ್ರ ನಾನೇ ಕೇಳಿದೆ, ಮೊದಲ ದಿನವೇ. ಹರಿದಿದೆ ಅಂದಾಗ, ನನ್ನ ಮಕ್ಕಳಿಗೂ ಇರುತ್ತಾ ಅಂತ." ಉಸಿರು ತೆಗೆದುಕೊಂಡ. ಅಪ್ಪ ಇಷ್ಟು ಉದ್ದ ಮಾತಾಡಿದ್ದನ್ನು ನಾನು ನೋಡಿಲ್ಲ. "ಗೋಡೆ ಬಂದಿದ್ದ ಬೆಳಿಗ್ಗೆ. ನೀನು ಕೆಳಗಡೆ ಹಿಡಿದೆಯಂತೆ."

"ಇಳಿಸಿದೆ. ನಡುವೆ ಇಳಿಸಿದೆ."

"ನಿಮ್ಮ ಚಿಕ್ಕಪ್ಪನ್ನ ಮೆಟ್ಟಿಲಿಂದ ನಾನೇ ಹೊತ್ತು ಇಳಿಸಿದ್ದು," ಅಂದ. "ನಿನ್ನನ್ನ ಇಳಿಸೋಕೆ ನನ್ನ ಕೈಲಿ ಆಗಲ್ಲ ಕಣೋ."

ಆಗ ಟಿವಿ ನೋಡಿದೆ. ನೂರ ನಲವತ್ತೆಂಟು. ಕಿಣಿಕಿಣಿ ಶುರುವಾಯಿತು.

ಅಂದರೆ ಕೋಪ ಅಲ್ಲ. ಇಷ್ಟು ದಿನ ನನ್ನ ಮುಖ ಕಂಡರೆ ಆಗುವುದಿಲ್ಲ ಅಂತ ಹೊರಗೆ ಗಾಡಿಯಲ್ಲಿ ಕೊಳೆಯುತ್ತಿದ್ದೆ. ಇವನು ಒಳಗೆ ಮಲಗಿ ನನ್ನ ಎದೆ ನೋಡಿ ಹೆದರುತ್ತಿದ್ದನಂತೆ! ಹೆದರಿದರೆ ಬಾಯಿಬಿಟ್ಟು ಹೇಳಲು ಏನು ರೋಗ? ಎದೆ ಹರಿದರೂ ಹೇಳುವುದಿಲ್ಲ, ಹೆದರಿದರೂ ಹೇಳುವುದಿಲ್ಲ, ಎಲ್ಲವನ್ನೂ ಮಷಿನ್ನೇ ಹೇಳಬೇಕು. ಇಂಥ ಮನುಷ್ಯನ ಜೊತೆ ಹೇಗಪ್ಪಾ ಬಾಳುವುದು?

ಇದನ್ನೆಲ್ಲ ಅವನ ಮುಖಕ್ಕೆ ಕೂಗಬೇಕಿತ್ತು. ಕೂಗುವ ಹಾಗಿಲ್ಲ. ಅವನ ಎಡಗೈ ಮುಟ್ಟಿದೆ. ಇನ್ನೂ ಬಲಗೈಯಷ್ಟು ಬೆಚ್ಚಗಿಲ್ಲ. ನರ್ಸಮ್ಮ ಹೋಗಿ ಅನ್ನುವವರೆಗೂ ಹಿಡಿದುಕೊಂಡಿದ್ದೆ, ಬಿಸಿಯಾಗಲಿ ಅಂತ, ಅಷ್ಟೇ.

ಮಾರ್ಚ್ 11, ಬುಧವಾರ

ಎಕೋ ಕೋಣೆಯ ಹೊರಗಿನ ಬೆಂಚು. ನನ್ನ ಮುಂದೆ ಇನ್ನೂ ಜನ ಇದ್ದಾರೆ. ಅಲ್ಲಿಯವರೆಗೆ ಬರೆಯುತ್ತೇನೆ, ಇಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ.

ನಾನು ಎಲ್ಲಿಗೆ ಹೊರಟೆ ಅಂತ ಹೇಳುವ ಮನಸ್ಸಿರಲಿಲ್ಲ. ಬೆಳಿಗ್ಗೆ ಎದ್ದು ಒಗೆದ ಬನಿಯನ್ ಹುಡುಕುತ್ತಿದ್ದೆ. ಬನಿಯನ್ ಹುಡುಕುವುದು ನೋಡಿದರೆ ಸಾಕು, ಅಕ್ಕನಿಗೆ ಎಲ್ಲ ಗೊತ್ತಾಗುತ್ತದೆ.

"ನಾನೂ ಬರ್ತೀನಿ," ಅಂದಳು.

"ಬೇಡ."

"ಜೊತೆಗಿರ್ತೀನಿ ಕಣೋ. ಕೋಣೆ ಕತ್ತಲೆ ಇರುತ್ತೆ, ಜೆಲ್ಲಿ ಐಸ್ ಹಾಗಿರುತ್ತೆ, ಅವ್ರು ಮಾತೇ ಆಡಲ್ಲ, ಒತ್ತಿ ಒತ್ತಿ ನೋಡ್ತಾರೆ. ನನಗೇ ಹೆದರಿಕೆ ಆಯ್ತು."

"ನಿನಗೆ ಜಿರಳೆ ಕಂಡ್ರೂ ಹೆದರಿಕೆ."

"ಏನಾದ್ರೂ ಇದ್ರೆ..."

"ಏನೂ ಇರಲ್ಲ!"

"ಇದ್ರೆ ಅಂತ ಹೇಳ್ತಿರೋದು! ಇದ್ರೆ ಬೇರೆ ಕೆಲಸ ನೋಡೋಣ. ಗಾಡಿ ಓಡಿಸ್ತೀಯಲ್ಲ, ಅದೇ ಸಾಕು. ಪ್ರಪಂಚದಲ್ಲಿ ಎಲ್ರೂ ಬೀರು ಹೊತ್ತೇ ಬದುಕ್ತಾರಾ?"

ಆಗಲೇ ಎಲ್ಲ ಯೋಚಿಸಿ ಇಟ್ಟಿದ್ದಾಳೆ ನೋಡು! ನನ್ನ ಎದೆಯೊಳಗೆ ಏನಿದೆ ಅಂತ ಯಾರೂ ನೋಡುವ ಮುಂಚೆಯೇ ನನಗೆ ಡ್ರೈವರ್ ಕೆಲಸ ಕೊಡಿಸಿಯಾಯಿತು. ಮೈಯೆಲ್ಲ ಉರಿದುಹೋಯಿತು. ಕೂಗಿದೆ. ಎಂಟು ದಿನದಿಂದ ನುಂಗಿದ್ದೆಲ್ಲ ಬಂತು. ನಮ್ಮ ಮನೆಯಲ್ಲಿ ಯಾವ ಮಷಿನ್ನೂ ಇಲ್ಲ, ಎಷ್ಟು ಬೇಕಾದರೂ ಕೂಗಬಹುದು. ಅವಳೂ ಕೂಗಿದಳು. ಸೌಟು ಹಿಡಿದುಕೊಂಡೇ ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಿದ್ದಳು. ನೀನು ಮೊಂಡ, ನೀನು ಕತ್ತೆ, ನಿನಗೆ ಯಾರ ಮೇಲೂ ಅಕ್ಕರೆ ಇಲ್ಲ ಅಂತ. ಹೊಸಿಲವರೆಗೂ ಹಿಂದೆಯೇ ಬಂದಳು.

"ಹಾಗಿದ್ರೆ ಯಾರಿಗೋಸ್ಕರ ಹೋಗ್ತಿದ್ದೀಯೋ? ನಿನಗೋಸ್ಕರಾನಾ, ಅಪ್ಪನಿಗೋಸ್ಕರಾನಾ? ಅದಾದ್ರೂ ಬೊಗಳು!"

"ಆ ದರಿದ್ರ ಮಷಿನ್‌ಗೋಸ್ಕರ!" ಅಂತ ಕಿರುಚಿದೆ. "ಅದರ ಕಿಣಿಕಿಣಿ ನಿಲ್ಲಲಿ ಅಂತ!"

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಕೀಲು ಕಿತ್ತುಬರುವ ಹಾಗೆ ಬಾಗಿಲು ಬಡಿದು ಹೊರಟುಬಂದೆ.